ಆಹಾರದ ಕಲ್ಮಶಕ್ಕೆ ಯಾವ ಕಾನೂನು ಸರಿ? ಮಿತಿ, ತಪಾಸಣೆ, ಕ್ರಮಗಳ ಹೋಲಿಕೆ

ಆಹಾರದಲ್ಲಿ ಸೀಸ ಸಿಕ್ಕಿತು, ಬೂಷ್ಟಿನ ವಿಷ ಸಿಕ್ಕಿತು ಅಂತ ಸುದ್ದಿ ಬಂದಾಗ ಎಲ್ಲರೂ ಮೊದಲು ಕೇಳುವುದು ‘ಮಿತಿ ಎಷ್ಟು?’ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಈ ವಿಷ ಆಹಾರಕ್ಕೆ ಸೇರಿದ್ದು ಎಲ್ಲಿ, ಅಲ್ಲೇ ಅದನ್ನು ತಡೆಯಬಲ್ಲವರು ಯಾರು ಅನ್ನೋದನ್ನು ಮೊದಲು ಕೇಳಬೇಕು. ಇದಕ್ಕೆ ಉತ್ತರ ಸಿಕ್ಕರೆ ಯಾವ ಬಗೆಯ ನಿಯಮ ಬೇಕು, ಅಧಿಕಾರಿ ಎಲ್ಲಿ ಹೋಗಿ ನಿಲ್ಲಬೇಕು ಅನ್ನೋದು ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ಕಾರ್ಖಾನೆಯ ಗುಣಮಟ್ಟ ನೋಡಿಕೊಳ್ಳುವವರು, ಆಹಾರ ಕಾನೂನು ಓದುತ್ತಿರುವವರು, ಗ್ರಾಹಕ ಸಂಘಗಳಲ್ಲಿ ದುಡಿಯುವವರು, ನಿಯಮದ ಕರಡು ಬರೆಯುವವರು, ಎಲ್ಲರ ಮುಂದೆಯೂ ಕೊನೆಗೆ ಬರುವುದು ಇವೇ ಆಯ್ಕೆಗಳು.

ಮೊದಲು ಒಂದು ಗಡಿ ಹಾಕಿಕೊಳ್ಳೋಣ. ಕಾನೂನಿನ ಲೆಕ್ಕದಲ್ಲಿ ಕಲ್ಮಶ ಅಂದರೆ ಯಾರೂ ಬೇಕಂತ ಹಾಕದೆ ಆಹಾರಕ್ಕೆ ಸೇರಿದ್ದು. ಮಣ್ಣಿನಿಂದ ಬಂದ ಕ್ಯಾಡ್ಮಿಯಂ, ಬೂಷ್ಟು ಬಿಟ್ಟ ಅಫ್ಲಾಟಾಕ್ಸಿನ್, ಕರಿಯುವಾಗ ಹುಟ್ಟಿದ ಅಕ್ರಿಲಮೈಡ್ ಈ ಗುಂಪಿನವು. ಲಾಭಕ್ಕಾಗಿ ಸುರಿದರೆ ಅದು ಕಲಬೆರಕೆ, ಬೇರೆಯೇ ಅಪರಾಧ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ್ದು ಕಲಬೆರಕೆ. ಪ್ರೋಟೀನ್ ಪರೀಕ್ಷೆ ಅಳೆಯುತ್ತಿದ್ದದ್ದು ಸಾರಜನಕವನ್ನು. ಮೆಲಮೈನಿನಲ್ಲಿ ಅದು ಧಾರಾಳ. ಹಾಗಾಗಿ ನೀರು ಬೆರೆಸಿದ ಹಾಲೂ ಪಾಸಾಯಿತು. ಆರು ಶಿಶುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆಮೇಲೆ ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಇಡುವ ಕೋಡೆಕ್ಸ್ ಸಂಸ್ಥೆ ಮೆಲಮೈನಿಗೆ ಮಿತಿ ಇಟ್ಟಿತು. ಶಿಶು ಆಹಾರದ ಪುಡಿಗೆ ಕಿಲೋಗೆ 1 ಮಿಲಿಗ್ರಾಂ, ಬೇರೆ ಆಹಾರಕ್ಕೆ 2.5. ವಿಷಕ್ಕೆ ಅನುಮತಿ ಕೊಟ್ಟರು ಅಂತ ಕೆಲವರು ಬೈದರು. ಆದರೆ ಪಾತ್ರೆ, ಪ್ಯಾಕಿಂಗ್‌ನಿಂದ ಚೂರುಪಾರು ಇಳಿಯುವುದನ್ನೂ ಬೇಕಂತ ಸುರಿದದ್ದನ್ನೂ ಬೇರೆ ಮಾಡಿ ನೋಡಲು ಇಂಥದ್ದೊಂದು ಗೆರೆ ಬೇಕೇ ಬೇಕು, ಅಲ್ವಾ?

ಗಟ್ಟಿ ಮಿತಿಯೋ, ಕ್ರಮದ ಮಟ್ಟವೋ

ಐರೋಪ್ಯ ಒಕ್ಕೂಟದ ದಾರಿ ಗಟ್ಟಿ ಮಿತಿ. 1993ರ ಒಂದು ಚೌಕಟ್ಟಿನ ನಿಯಮ, ಅದರ ಕೆಳಗೆ ಉದ್ದದ ಪಟ್ಟಿ. ಈಗ ಚಾಲ್ತಿಯಲ್ಲಿರುವ ಪಟ್ಟಿ 2023/915 ಸಂಖ್ಯೆಯದು, 2023ರ ಮೇ 25ರಿಂದ ಜಾರಿಯಲ್ಲಿದೆ. ಮಿತಿ ದಾಟಿದ ಸರಕನ್ನು ಮಾರುವ ಹಾಗಿಲ್ಲ. ಒಳ್ಳೆಯ ಸರಕಿನ ಜೊತೆ ಬೆರೆಸಿ ಸರಾಸರಿ ಇಳಿಸುವ ಹಾಗೂ ಇಲ್ಲ. ಬೂಷ್ಟಿನ ವಿಷವನ್ನು ರಾಸಾಯನಿಕ ಹಾಕಿ ಕಳೆಯುವ ಹಾಗೂ ಇಲ್ಲ. ಕೆಟ್ಟ ಕಾಳು ಆರಿಸಿ ತೆಗೆಯಬಹುದು. ಅದಕ್ಕಾಗಿಯೇ ಎರಡು ಬಗೆಯ ಮಿತಿ ಇಟ್ಟಿದ್ದಾರೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 4 ಮೈಕ್ರೋಗ್ರಾಂ ದಾಟಬಾರದು. ಮುಂದೆ ಆರಿಸಿ ಸಂಸ್ಕರಿಸುವುದಾದರೆ 15ರವರೆಗೆ ಸರಿ.

ಅಮೆರಿಕದ ದಾರಿ ಬೇರೆ. ಅಲ್ಲಿ ಆಹಾರದ ಅಫ್ಲಾಟಾಕ್ಸಿನಿಗೆ 20 ಪಿಪಿಬಿಯ ‘ಕ್ರಮದ ಮಟ್ಟ’ ಇದೆ. ಪಿಪಿಬಿ ಅಂದರೂ ಕಿಲೋಗೆ ಮೈಕ್ರೋಗ್ರಾಂ ಅಂದರೂ ಒಂದೇ. ಇದನ್ನು ದಾಟಿದರೆ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಕ್ರಮಕ್ಕೆ ಇಳಿಯುವ ಯೋಚನೆ ಮಾಡುತ್ತದೆ. ಕೋರ್ಟಿಗೆ ಹೋದರೆ ಆ ಸರಕು ಕಾನೂನಿನ ಪ್ರಕಾರ ಕೆಟ್ಟದ್ದು ಅಂತ ಬೇರೆಯಾಗಿಯೇ ಸಾಧಿಸಬೇಕು. ಒಂದು ಕಾಲದಲ್ಲಿ ಈ ಮಟ್ಟವನ್ನೇ ನಿಯಮದ ಹಾಗೆ ನಡೆಸುತ್ತಿದ್ದರು. ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷಯದಲ್ಲಿ ಒಂದು ಗ್ರಾಹಕ ಸಂಘಟನೆ ದಾವೆ ಹೂಡಿತು. ಸಾರ್ವಜನಿಕರಿಗೆ ತಿಳಿಸಿ ಅಭಿಪ್ರಾಯ ಪಡೆಯದೆ ಹೀಗೆ ಕಟ್ಟಿಹಾಕುವ ಮಟ್ಟ ಇಡುವಂತಿಲ್ಲ ಅಂತ 1987ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಅಲ್ಲಿಂದ ಈಚೆಗೆ ಅವು ಬರೀ ಮಾರ್ಗಸೂಚಿ.

ಎರಡರಲ್ಲಿ ಯಾವುದು ಮೇಲು? ಗಟ್ಟಿ ಮಿತಿ ಮಾರುವವನಿಗೂ ಅಧಿಕಾರಿಗೂ ಅನುಮಾನ ಉಳಿಸುವುದಿಲ್ಲ. ಆದರೆ ಬದಲಾಯಿಸಲು ವರ್ಷಗಟ್ಟಲೆ ಬೇಕು. ಕ್ರಮದ ಮಟ್ಟ ಬೇಗ ಹೊರಡಿಸಬಹುದು ಅನ್ನುತ್ತಾರೆ. ಅದೂ ಅಷ್ಟೇನೂ ನಿಜವಲ್ಲ. ಶಿಶುಗಳ ಆಹಾರದ ಸೀಸಕ್ಕೆ ಎಫ್‌ಡಿಎ ಅಂತಿಮ ಮಟ್ಟ ಹೊರಡಿಸಿದ್ದು 2025ರ ಜನವರಿಯಲ್ಲಿ. ಹಣ್ಣು, ತರಕಾರಿ, ಮಿಶ್ರಣಗಳಿಗೆ 10 ಪಿಪಿಬಿ, ಬರೀ ಗೆಡ್ಡೆ ತರಕಾರಿಯ ಆಹಾರಕ್ಕೂ ಒಣ ಧಾನ್ಯದ ಆಹಾರಕ್ಕೂ 20. ಸೀಸ ಮಕ್ಕಳ ಬುದ್ಧಿಗೆ ಕುತ್ತು ಅಂತ ಗೊತ್ತಾಗಿ ಎಷ್ಟೋ ದಶಕ ಆಗಿತ್ತು. ನನ್ನ ಒಲವು ಗಟ್ಟಿ ಮಿತಿಯ ಕಡೆ. ಮುಖ್ಯವಾಗಿ ಮಕ್ಕಳ ಆಹಾರಕ್ಕೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಮಿತಿಯ ಅಂಕಿ ಸುರಕ್ಷಿತಕ್ಕೂ ಅಪಾಯಕ್ಕೂ ನಡುವಿನ ಗೋಡೆ ಅಲ್ಲ. ಅಫ್ಲಾಟಾಕ್ಸಿನ್ ಕ್ಯಾನ್ಸರ್ ತರುವಂಥದ್ದು, ಇಷ್ಟು ತಿಂದರೆ ಏನೂ ಆಗುವುದಿಲ್ಲ ಅನ್ನುವ ಪ್ರಮಾಣ ಅದಕ್ಕಿಲ್ಲ. ಹಾಗಾಗಿ ಒಳ್ಳೆಯ ಬೇಸಾಯ, ಒಳ್ಳೆಯ ಒಣಗಿಸುವಿಕೆ, ಒಳ್ಳೆಯ ದಾಸ್ತಾನಿನಿಂದ ಎಷ್ಟು ಇಳಿಸಲು ಸಾಧ್ಯವೋ ಅಲ್ಲಿಗೆ ಗೆರೆ ಎಳೆಯುತ್ತಾರೆ. 3.9 ಬಂದ ಸರಕು ಅಮೃತ, 4.1 ಬಂದದ್ದು ವಿಷ ಅಂತ ಓದಬೇಡಿ.

ಅಂಕಿ ಸಾಲದ ಕಡೆ: ಕೆಲಸದ ರೀತಿಗೆ ನಿಯಮ

ಅಕ್ರಿಲಮೈಡ್ ಯಾರೂ ಹಾಕುವುದಿಲ್ಲ, ಹೊಲದಿಂದಲೂ ಬರುವುದಿಲ್ಲ. ಪಿಷ್ಟದ ಪದಾರ್ಥವನ್ನು 120 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಕರಿದರೆ, ಹುರಿದರೆ, ಬೇಯಿಸಿದರೆ ಅದರಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಮತ್ತು ಸಕ್ಕರೆಗಳು ಸೇರಿ ಇದು ಹುಟ್ಟುತ್ತದೆ. ಆಹಾರದಲ್ಲಿ ಇದಿದೆ ಅಂತ ಸ್ವೀಡನ್ನಿನವರು ಹೇಳಿದ್ದು 2002ರಲ್ಲಿ. ಮನುಷ್ಯ ಬೆಂಕಿ ಬಳಸಲು ಶುರುಮಾಡಿದಾಗಿನಿಂದ ತಿನ್ನುತ್ತಲೇ ಬಂದಿದ್ದಾನೆ. ಇದಕ್ಕೆ ಗಟ್ಟಿ ಮಿತಿ ಇಟ್ಟರೆ ಅಡುಗೆಯನ್ನೇ ನಿಷೇಧಿಸಿದ ಹಾಗೆ.

ಹಾಗಾಗಿ ಐರೋಪ್ಯ ಒಕ್ಕೂಟ 2018ರ ಏಪ್ರಿಲ್‌ನಿಂದ ಬೇರೆ ಉಪಾಯ ಹಿಡಿಯಿತು. ಸಕ್ಕರೆ ಕಡಿಮೆ ಇರುವ ಆಲೂಗಡ್ಡೆ ತಳಿ ಆರಿಸಿ, ತೀರಾ ತಣ್ಣಗೆ ಇಡಬೇಡಿ, ಎಣ್ಣೆಯ ಶಾಖ ಹಿಡಿತದಲ್ಲಿರಲಿ, ಬಣ್ಣ ಹೊಂಬಣ್ಣಕ್ಕೆ ಬಂದಾಗ ನಿಲ್ಲಿಸಿ ಎಂಬಂಥ ಕ್ರಮಗಳು ಕಡ್ಡಾಯ. ಜೊತೆಗೆ ಹೋಲಿಸಿ ನೋಡಲು ಒಂದು ಅಳತೆಗೋಲು. ಆಲೂಗಡ್ಡೆ ಚಿಪ್ಸ್‌ಗೆ ಕಿಲೋಗೆ 750 ಮೈಕ್ರೋಗ್ರಾಂ, ಹುರಿದ ಕಾಫಿಗೆ 400. ಅದನ್ನು ದಾಟಿದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ತಯಾರಕರು ತಮ್ಮ ಕೆಲಸದ ರೀತಿಯನ್ನು ಮತ್ತೆ ನೋಡಿ ತಿದ್ದಬೇಕು.

ಇದು ಜಾಣ ದಾರಿ, ಆದರೆ ಜಾರಿ ಮಾಡುವುದು ಕಷ್ಟ. ಲ್ಯಾಬ್ ವರದಿ ನೋಡಿ ಸಹಿ ಹಾಕುವ ಅಧಿಕಾರಿ ಇಲ್ಲಿ ಸಾಲದು. ಕರಿಯುವ ಯಂತ್ರದ ಮುಂದೆ ನಿಂತು ದಾಖಲೆ ಓದಬಲ್ಲವರು ಬೇಕು. ಅಂಥವರು ಇಲ್ಲದ ಕಡೆ ಈ ನಿಯಮ ಸುಮ್ನೆ ಕಾಗದ.

ಸೊನ್ನೆ ಅನ್ನುವ ಮಿತಿ

ಕೇಳಲು ಚೆಂದ. ಆದರೆ ಸೊನ್ನೆ ಎಲ್ಲಿದೆ ಅನ್ನೋದನ್ನು ಯಂತ್ರ ತೀರ್ಮಾನಿಸುತ್ತದೆ. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಅನ್ನು ತಿನ್ನಲು ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಎಷ್ಟೋ ದೇಶಗಳು ನಿಷೇಧಿಸಿವೆ. 2001–02ರ ಹೊತ್ತಿಗೆ ಯುರೋಪಿನ ಲ್ಯಾಬ್‌ಗಳು ಆಮದಾದ ಸೀಗಡಿಯಲ್ಲಿ ಇದನ್ನು ಬಹಳ ಸಣ್ಣ ಪ್ರಮಾಣದಲ್ಲೂ ಹಿಡಿಯತೊಡಗಿದವು. ಹಿಂದೆ ಪಾಸಾಗುತ್ತಿದ್ದ ಸರಕು ವಾಪಸ್ ಬರತೊಡಗಿತು. ಹೆಚ್ಚು ಸೂಕ್ಷ್ಮ ಯಂತ್ರ ಇದ್ದವರ ಸೊನ್ನೆ ಹೆಚ್ಚು ಕಠಿಣ ಎನ್ನುವ ಹಾಗಾಯಿತು. ಲ್ಯಾಬ್‌ಗಳೆಲ್ಲ ಕನಿಷ್ಠ ಕಿಲೋಗೆ 0.3 ಮೈಕ್ರೋಗ್ರಾಂ ಹಿಡಿಯುವಂತಿರಬೇಕು ಅಂತ ಆಮೇಲೆ ಗೊತ್ತುಮಾಡಿದರು. ಕ್ರಮಕ್ಕೆ ಇಳಿಯುವ ಗೆರೆ 2022ರ ಕೊನೆಯಿಂದ 0.15.

ಬೇಕಂತ ಬಳಸದೆ ಆಹಾರಕ್ಕೆ ಬರುವ ದಾರಿಯೇ ಇಲ್ಲದ ವಸ್ತುವಿಗೆ ಸೊನ್ನೆ ಸರಿ. ಮಣ್ಣಿನಲ್ಲೇ ಇರುವ ಆರ್ಸೆನಿಕ್‌ಗೆ ಸೊನ್ನೆ ಅಂದರೆ ಸುಳ್ಳು ಹೇಳಿದ ಹಾಗೆ. ಅದನ್ನು ಪಾಲಿಸಲು ಆಗುವುದಿಲ್ಲ. ಪಾಲಿಸಲು ಆಗದ ನಿಯಮ ಯಾರ ಮೇಲೆ ಬೇಕೋ ಅವರ ಮೇಲೆ ಮಾತ್ರ ಬೀಸುವ ಕೋಲಾಗುತ್ತದೆ.

ಬಹಿರಂಗಪಡಿಸುವುದು, ಎಚ್ಚರಿಸುವುದು

ಕ್ಯಾಲಿಫೋರ್ನಿಯಾದಲ್ಲಿ ಎರಡು ಪ್ರಯೋಗಗಳಿವೆ, ಒಂದಕ್ಕಿಂತ ಒಂದು ಬೇರೆ. 1986ರ ‘ಪ್ರೊಪೊಸಿಷನ್ 65’ ಪ್ರಕಾರ ಪಟ್ಟಿಯಲ್ಲಿರುವ ರಾಸಾಯನಿಕ ಇದ್ದರೆ ಎಚ್ಚರಿಕೆ ಹಾಕಬೇಕು. ಸರ್ಕಾರ ಸುಮ್ಮನಿದ್ದರೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಸಾರ್ವಜನಿಕರ ಪರ ದಾವೆ ಹೂಡಬಹುದು. ಒಳ್ಳೆಯದೇ, ಆದರೆ ಎಲ್ಲದರ ಮೇಲೂ ಎಚ್ಚರಿಕೆ ಇದ್ದರೆ ಯಾರೂ ಓದುವುದಿಲ್ಲ. ಕಾಫಿಗೂ ಅಕ್ರಿಲಮೈಡ್ ಎಚ್ಚರಿಕೆ ಬೇಕು ಅಂತ 2018ರಲ್ಲಿ ನ್ಯಾಯಾಧೀಶರೊಬ್ಬರು ಹೇಳಿದರು. ಮರುವರ್ಷ ರಾಜ್ಯದ ಇಲಾಖೆಯೇ ಕಾಫಿಯನ್ನು ಹೊರಗಿಟ್ಟಿತು.

ಎರಡನೆಯದು ನನಗೆ ಹೆಚ್ಚು ಹಿಡಿಸಿದ್ದು. ಶಿಶು ಆಹಾರ ಮಾಡುವವರು ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ಪಾದರಸಗಳಿಗೆ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. 2025ರ ಜನವರಿಯಿಂದ ಫಲಿತಾಂಶಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಇಲ್ಲಿ ಎಚ್ಚರಿಕೆಯ ಒಂದು ಸಾಲಿಗೆ ಬದಲು ಅಂಕಿಯೇ ಸಿಗುತ್ತದೆ. ಪಕ್ಕದ ಕಂಪನಿಯ ಅಂಕಿ ಕಡಿಮೆ ಇದ್ದರೆ ತಾಯಂದಿರಿಗೆ ಅಧಿಕಾರಿ ಬಂದು ಹೇಳಬೇಕಿಲ್ಲ.

ಮೀನಿನ ಪಾದರಸಕ್ಕೆ ಮಾತ್ರ ಮಿತಿಯ ಜೊತೆ ಸಲಹೆಯೂ ಬೇಕು. ದೊಡ್ಡ ಬೇಟೆಗಾರ ಮೀನುಗಳಲ್ಲಿ ಮೀಥೈಲ್ ಪಾದರಸ ಸೇರಿಕೊಂಡೇ ಇರುತ್ತದೆ, ತೆಗೆಯಲು ದಾರಿಯಿಲ್ಲ. ಕೋಡೆಕ್ಸ್ ಕಿಲೋಗೆ ಟ್ಯೂನಾಗೆ 1.2, ಶಾರ್ಕ್‌ಗೆ 1.6 ಮಿಲಿಗ್ರಾಂ ಅಂತ ಇಟ್ಟಿದೆ. ಗರ್ಭಿಣಿಯರಿಗೆ ‘ಮೀನು ತಿನ್ನಿ, ಆದರೆ ಈ ದೊಡ್ಡವು ಬೇಡ’ ಅಂತ ಹೇಳುವುದೇ ಜಾಸ್ತಿ ಉಪಯೋಗ.

ಯಾರ ಅಂಕಿ ಹಿಡಿಯಬೇಕು

ಕೋಡೆಕ್ಸ್ ಅನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ 1963ರಲ್ಲಿ ಕಟ್ಟಿದವು. ಅದರ ಅಂಕಿ ತಾನಾಗಿ ಕಾನೂನಲ್ಲ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ಅದಕ್ಕೆ ತೂಕ ಇದೆ. ಕೋಡೆಕ್ಸ್ ಪಾಲಿಸುವ ದೇಶವನ್ನು ಬೇರೆಯವರು ಪ್ರಶ್ನಿಸುವುದು ಕಷ್ಟ. ಅದಕ್ಕಿಂತ ಬಿಗಿ ಮಾಡಿದರೆ ವಿಜ್ಞಾನದ ಕಾರಣ ಕೊಡಬೇಕು.

ಅಂಕಿಗಳ ಅಂತರ ಸಣ್ಣದಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಬರುವ ಎಂ1ಗೆ ಮಿತಿ ಕೋಡೆಕ್ಸ್‌ನಲ್ಲೂ ಅಮೆರಿಕದಲ್ಲೂ ಕಿಲೋಗೆ 0.5 ಮೈಕ್ರೋಗ್ರಾಂ, ಯುರೋಪಿನಲ್ಲಿ 0.05. ಹತ್ತು ಪಟ್ಟು ವ್ಯತ್ಯಾಸ! ಪಾಲಿಶ್ ಅಕ್ಕಿಯ ಅಜೈವಿಕ ಆರ್ಸೆನಿಕ್‌ಗೆ ಕೋಡೆಕ್ಸ್ 0.2 ಮಿಲಿಗ್ರಾಂ, ಯುರೋಪ್ 2023ರಿಂದ 0.15. ಹಲವು ಮಾರುಕಟ್ಟೆಗೆ ಕಳಿಸುವವರು ಎಲ್ಲಕ್ಕಿಂತ ಬಿಗಿಯಾದ ಅಂಕಿ ಹಿಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಖರ್ಚು ಮಾತ್ರ ಏರುತ್ತದೆ. ಆದರೆ ನಿಯಮ ಬರೆಯುವವರು ಹಾಗೆ ಸುಮ್ನೆ ನಕಲು ಮಾಡಬಾರದು. ಜನ ದಿನಕ್ಕೆ ಎಷ್ಟು ತಿನ್ನುತ್ತಾರೆ ಅನ್ನೋದು ಮುಖ್ಯ. ಒಂದು ಧಾನ್ಯವನ್ನೇ ಮೂರು ಹೊತ್ತು ತಿನ್ನುವವರಿಗೆ, ವಾರಕ್ಕೊಮ್ಮೆ ತಿನ್ನುವವರ ಅಂಕಿ ಸಡಿಲವಾದೀತು.

ಸ್ಯಾಂಪಲ್: ಎಲ್ಲ ನಿಂತಿರುವುದು ಇದರ ಮೇಲೆ

ಇಲ್ಲಿ ಸ್ವಲ್ಪ ನಿಧಾನಿಸೋಣ. ಮಿತಿಯ ಬಗ್ಗೆ ನಡೆಯುವ ಜಗಳದಲ್ಲಿ ಹತ್ತನೇ ಒಂದು ಪಾಲು ಸ್ಯಾಂಪಲ್ ಬಗ್ಗೆ ನಡೆದರೂ ಸಾಕಿತ್ತು.

ಶೇಂಗಾದ ಒಂದೊಂದು ಕಾಳಿನಲ್ಲಿ 10 ಲಕ್ಷ ಪಿಪಿಬಿವರೆಗೂ ಅಫ್ಲಾಟಾಕ್ಸಿನ್ ಸಿಕ್ಕಿದ್ದಿದೆ. ಅಂಥ ಅರ್ಧ ಗ್ರಾಂ ತೂಕದ ಕಾಳಿನಲ್ಲಿ 500 ಮೈಕ್ರೋಗ್ರಾಂ ವಿಷ ಇರುತ್ತದೆ. ಅದೊಂದೇ ಕಾಳು 20 ಕಿಲೋ ಸ್ಯಾಂಪಲ್‌ಗೆ ಬಿದ್ದರೆ ಇಡೀ ಸ್ಯಾಂಪಲ್ 25 ಪಿಪಿಬಿ ತೋರಿಸುತ್ತದೆ, ಅಮೆರಿಕದ 20ರ ಮಟ್ಟವನ್ನೂ ದಾಟುತ್ತದೆ. ಆ ಕಾಳು ಬೀಳದಿದ್ದರೆ ಸೊನ್ನೆ. ಲಾರಿಗಟ್ಟಲೆ ಸರಕಿನಿಂದ ಒಂದು ಕಿಲೋ ಬಾಚಿಕೊಂಡು ಹೋಗಿ ‘ಪಾಸು’ ಅನ್ನುವುದು ಲಾಟರಿ.

ಅದಕ್ಕೇ ಯುರೋಪಿನ ನಿಯಮ ದೊಡ್ಡ ಲಾಟಿನ ಶೇಂಗಾಕ್ಕೆ ನೂರು ಕಡೆಯಿಂದ ಚೂರು ಚೂರು ತೆಗೆದು 20 ಕಿಲೋ ಒಟ್ಟುಮಾಡಿ ಅನ್ನುತ್ತದೆ. ಆಮೇಲೆ ಚೆನ್ನಾಗಿ ಅರೆದು ಬೆರೆಸಬೇಕು. ಅರೆಯದೆ ಮೇಲಿನಿಂದ ಹಿಡಿ ತೆಗೆದರೆ ಪಟ್ಟ ಶ್ರಮವೆಲ್ಲ ನೀರಿಗೆ. ಲೋಹಗಳ ಕಥೆ ಸುಲಭ. ಅವು ಸರಕಿನ ತುಂಬ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆ, ಒಟ್ಟು ಒಂದು ಕಿಲೋ ಸ್ಯಾಂಪಲ್ ಸಾಮಾನ್ಯವಾಗಿ ಸಾಕು.

ಲ್ಯಾಬ್‌ಗಳೂ ಒಂದೇ ಅಂಕಿ ಕೊಡುವುದಿಲ್ಲ. ವಿಲಿಯಂ ಹಾರ್ವಿಟ್ಜ್ ಎಂಬ ರಸಾಯನಶಾಸ್ತ್ರಜ್ಞ ಹಲವಾರು ಲ್ಯಾಬ್‌ಗಳ ಫಲಿತಾಂಶ ಹೋಲಿಸಿ 1980ರಲ್ಲಿ ಒಂದು ಸೂತ್ರ ಕೊಟ್ಟರು. ಪ್ರಮಾಣ ಇಳಿದಷ್ಟೂ ಲ್ಯಾಬ್‌ಗಳ ನಡುವಿನ ಅಂತರ ಏರುತ್ತದೆ. ಅವರ ಸೂತ್ರದಂತೆ 1 ಪಿಪಿಎಂ (ಅಂದರೆ ಸಾವಿರ ಪಿಪಿಬಿ) ಹತ್ತಿರ ಅದು ಶೇ 16, 1 ಪಿಪಿಬಿ ಹತ್ತಿರ ಶೇ 45. ಅತಿ ಸಣ್ಣ ಪ್ರಮಾಣಕ್ಕೆ ಶೇ 22ರ ಗಡಿ ಹಾಕಿ ಆಮೇಲೆ ಬೇರೆಯವರು ಅದನ್ನು ತಿದ್ದಿದರು. ಅದಕ್ಕೇ ಯುರೋಪಿನಲ್ಲಿ ಅಳತೆಯ ಅನುಮಾನದ ಪಾಲನ್ನು ಕಳೆದ ಮೇಲೂ ಮಿತಿ ದಾಟಿದ್ದರೆ ಮಾತ್ರ ಸರಕು ಫೇಲು. ಕೊಳ್ಳುವವನು ಈ ರಿಯಾಯಿತಿ ಕೊಡಬೇಕಿಲ್ಲ. ಕರಾರಿನಲ್ಲಿ ಮಿತಿಗಿಂತ ಸಾಕಷ್ಟು ಕೆಳಗಿನ ಅಂಕಿ ಬರೆಸಿಕೊಳ್ಳುವುದು ಜಾಣತನ.

ಪಟ್ಟಿ (ಸ್ಟ್ರಿಪ್) ಪರೀಕ್ಷೆಯೋ ದೊಡ್ಡ ಯಂತ್ರವೋ? ಪಟ್ಟಿ ಪರೀಕ್ಷೆ ಅಗ್ಗ, ಗೋದಾಮಿನಲ್ಲೇ ನಿಮಿಷಗಳಲ್ಲಿ ಆಗುತ್ತದೆ. ಸರಕು ಬಂದ ತಕ್ಷಣ ಬೇರ್ಪಡಿಸಲು ಅದೇ ಸರಿ. ಕೋರ್ಟಿಗೆ, ತಕರಾರಿಗೆ, ಮಿತಿಯ ಅಂಚಿನಲ್ಲಿರುವ ಸರಕಿಗೆ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025ರ ಮಾನ್ಯತೆ ಇರುವ ಲ್ಯಾಬೇ ಬೇಕು. ಆ ಮಾನ್ಯತೆ ನಿಮ್ಮ ಪದಾರ್ಥ ಮತ್ತು ನಿಮ್ಮ ಕಲ್ಮಶ ಎರಡಕ್ಕೂ ಇದೆಯೇ ಅಂತ ನೋಡಿ, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ನಂಬಬೇಡಿ. ಆರ್ಸೆನಿಕ್ ಆದರೆ ‘ಒಟ್ಟು’ ಎಷ್ಟು ಅನ್ನುವ ವರದಿ ಸಾಲದು. ಮೀನು, ಸೀಗಡಿಗಳಲ್ಲಿ ಇರುವ ಆರ್ಸೆನಿಕ್ ಬಹುಪಾಲು ಅಷ್ಟೇನೂ ತೊಂದರೆ ಕೊಡದ ಜೈವಿಕ ರೂಪದ್ದು. ಭಯಪಡಬೇಕಾದದ್ದು ಅಜೈವಿಕ ರೂಪಕ್ಕೆ.

ಗಡಿಯಲ್ಲೋ, ಅಂಗಡಿಯಲ್ಲೋ, ಹೊಲದಲ್ಲೋ

ಗಡಿಯ ತಪಾಸಣೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಯುರೋಪಿನಲ್ಲಿ ಹಿಂದೆ ತೊಂದರೆ ಕೊಟ್ಟ ದೇಶ ಮತ್ತು ಸರಕುಗಳ ಪಟ್ಟಿ ಇದೆ. ಶೇ 10, 20, 50 ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಲಾಟುಗಳನ್ನು ತಡೆದು ನೋಡುತ್ತಾರೆ, ಆಗಾಗ ಪಟ್ಟಿ ಪರಿಷ್ಕರಿಸುತ್ತಾರೆ. ಅಮೆರಿಕದ ‘ಆಮದು ಎಚ್ಚರಿಕೆ’ ಇನ್ನೂ ಬಿಗಿ. ಹೆಸರು ಬಿತ್ತೆಂದರೆ ಸರಕು ನೋಡದೆಯೇ ತಡೆಹಿಡಿಯಬಹುದು, ಶುದ್ಧ ಅಂತ ತೋರಿಸುವ ಹೊಣೆ ಆಮದುದಾರನದ್ದು. ಕಡಿಮೆ ಸಿಬ್ಬಂದಿ ಇರುವ ಕಡೆ ಇದು ಒಳ್ಳೆಯ ಉಪಾಯ. ಆದರೆ ಸಣ್ಣ ರಫ್ತುದಾರ ಒಮ್ಮೆ ಸಿಕ್ಕಿಕೊಂಡರೆ ಹೊರಬರುವುದು ಬಹಳ ಕಷ್ಟ.

ಗಡಿ ಯಾವುದನ್ನು ಹಿಡಿಯುವುದಿಲ್ಲ ಅನ್ನೋದಕ್ಕೆ ಎರಡು ಉದಾಹರಣೆ. 2023ರಲ್ಲಿ ಅಮೆರಿಕದಲ್ಲಿ ದಾಲ್ಚಿನ್ನಿ ಹಾಕಿದ ಸೇಬಿನ ಪ್ಯೂರೆಯಲ್ಲಿ ಭಾರೀ ಪ್ರಮಾಣದ ಸೀಸ ಸಿಕ್ಕಿತು. ಅದು ಗೊತ್ತಾದದ್ದು ಬಂದರಿನಲ್ಲಲ್ಲ, ಮಕ್ಕಳ ರಕ್ತ ಪರೀಕ್ಷೆಯಲ್ಲಿ. ಅಲ್ಲಿಂದ ಹಿಂದೆ ಹಿಂದೆ ಹುಡುಕುತ್ತಾ ಆಹಾರಕ್ಕೆ ಬಂದರು. ಮಕ್ಕಳ ರಕ್ತ ನೋಡುವ ಆರೋಗ್ಯ ವ್ಯವಸ್ಥೆಯೂ ಆಹಾರ ಕಾನೂನಿನ ಜಾರಿಯ ಭಾಗ ಅಂತ ಲೆಕ್ಕ ಹಾಕಬೇಕು.

ಎರಡನೆಯದು ಕೀನ್ಯಾ, 2004. ಅಫ್ಲಾಟಾಕ್ಸಿನ್ ಏರಿ 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ದೇಶದಲ್ಲಿ 20 ಪಿಪಿಬಿ ಮಿತಿ ಇತ್ತು. ಆದರೆ ಎಷ್ಟೋ ಜನ ತಿಂದದ್ದು ತಮ್ಮ ಹೊಲದ ಮೆಕ್ಕೆಜೋಳ, ಒದ್ದೆಯಲ್ಲೇ ಮನೆಯೊಳಗೆ ಇಟ್ಟದ್ದು. ಮಾರುಕಟ್ಟೆಗೆ ಬರದ ಕಾಳಿಗೆ ಯಾವ ಮಿತಿ? ಬೆಳೆದವನೇ ತಿನ್ನುವ ಕಡೆ ಅಧಿಕಾರಿಗಿಂತ ಒಣಗಿಸುವ ಜಾಗ, ತೇವ ಅಳೆಯುವ ಸಾಧನ, ಗಾಳಿಯಾಡುವ ಕಣಜ ಇವುಗಳಿಗೆ ಹಣ ಹಾಕುವುದು ಸರಿಯಾದ ಆಯ್ಕೆ.

ಸಿಕ್ಕ ಮೇಲೆ ಏನು

ಆರಿಸುವುದು, ವಾಪಸ್ ಕಳಿಸುವುದು, ಪಶು ಆಹಾರಕ್ಕೆ ತಿರುಗಿಸುವುದು, ನಾಶಮಾಡುವುದು, ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವುದು, ದಂಡ, ಮೊಕದ್ದಮೆ. ಇವುಗಳಲ್ಲಿ ವಾಪಸ್ ಕಳಿಸುವುದರ ಬಗ್ಗೆ ನನಗೆ ಯಾವಾಗಲೂ ಅನುಮಾನ. ಒಂದು ಬಂದರಿನಲ್ಲಿ ಫೇಲಾದ ಸರಕು ಸಡಿಲ ಮಿತಿಯ ಇನ್ನೊಂದು ಕಡೆ ಹೋಗಿ ಇಳಿಯಬಹುದು. ಪಶು ಆಹಾರಕ್ಕೆ ತಿರುಗಿಸಿದ ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆ ಸೇರಿ, ಎಂ1 ಆಗಿ ಹಾಲಿನಲ್ಲಿ ಬರುತ್ತದೆ.

ಹಿಂದಕ್ಕೆ ಪಡೆಯುವುದು ಎಷ್ಟು ದುಬಾರಿ ಅನ್ನೋದು ಜಾಡು ಹಿಡಿಯುವ ದಾಖಲೆಯ ಮೇಲೆ ನಿಂತಿದೆ. 2008ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಹಂದಿಮಾಂಸದಲ್ಲಿ ಡಯಾಕ್ಸಿನ್ ಎಂಬ ವಿಷಕಾರಿ ರಾಸಾಯನಿಕ ಸಿಕ್ಕಿತು. ಕೆಟ್ಟ ಮೇವು ತಿನ್ನಿಸಿದ್ದು ಸುಮಾರು ಹತ್ತು ಹಂದಿ ಸಾಕಣೆ ಕೇಂದ್ರಗಳು. ಆದರೆ ಕಸಾಯಿಖಾನೆ ದಾಟಿದ ಮೇಲೆ ಯಾವ ಮಾಂಸ ಯಾರದ್ದು ಅಂತ ಹೇಳಲು ಆಗಲಿಲ್ಲ. ಸೆಪ್ಟೆಂಬರ್ 1ರಿಂದ ಮಾಡಿದ ದೇಶದ ಎಲ್ಲ ಹಂದಿಮಾಂಸದ ಪದಾರ್ಥಗಳನ್ನೂ ವಾಪಸ್ ಕರೆಸಿದರು. ಬೆಲ್ಜಿಯಂನಲ್ಲಿ 1999ರಲ್ಲಿ ಇಂಥದ್ದೇ ಡಯಾಕ್ಸಿನ್ ಪ್ರಕರಣದಲ್ಲಿ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಲಾಟ್ ನಂಬರ್ ಬರೆದಿಡುವ ಬೇಸರದ ಕೆಲಸವನ್ನು ಕಾನೂನು ಕಡ್ಡಾಯ ಮಾಡಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಇಂಥ ದಿನ ಉಳಿಸುವುದು ಅದೇ.

ಮೊಕದ್ದಮೆಯಲ್ಲೂ ಎರಡು ದಾರಿ. ಅಮೆರಿಕದಲ್ಲಿ ತಪ್ಪು ಮಾಡುವ ಉದ್ದೇಶ ಇತ್ತೇ ಅಂತ ಸಾಬೀತು ಮಾಡಬೇಕಿಲ್ಲ. ಬಾಲ್ಟಿಮೋರ್‌ನ ಗೋದಾಮಿನಲ್ಲಿ ಇಲಿ ಓಡಾಡಿದ್ದಕ್ಕೆ ದೊಡ್ಡ ಅಂಗಡಿ ಸರಪಳಿಯ ಅಧ್ಯಕ್ಷರನ್ನೇ ಹೊಣೆ ಮಾಡಿ 1975ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದಂಡ ಬರೀ 250 ಡಾಲರ್. ಆದರೆ ಕಂಪನಿಗಳ ಮುಖ್ಯಸ್ಥರಿಗೆ ಆ ತೀರ್ಪಿನ ಭಯ ಇವತ್ತಿಗೂ ಇದೆ. ಬ್ರಿಟನ್ನಿನ 1990ರ ಕಾನೂನಿನಲ್ಲಿ ‘ಮಾಡಬೇಕಾದ ಎಚ್ಚರ ಎಲ್ಲ ವಹಿಸಿದ್ದೆ’ ಅಂತ ತೋರಿಸಿದರೆ ಬಚಾವಾಗಬಹುದು. ಕಲ್ಮಶದ ವಿಷಯದಲ್ಲಿ ಎರಡನೆಯದೇ ಹೆಚ್ಚು ನ್ಯಾಯ ಅನ್ನಿಸುತ್ತದೆ. ಮಳೆ ಕೆಟ್ಟ ವರ್ಷ ಬೂಷ್ಟು ಬಂದರೆ ಅದು ಮಾಲೀಕನ ದುರಾಸೆಯಲ್ಲ. ಆದರೆ ತನ್ನ ಸರಕಿನ ಸ್ಯಾಂಪಲ್ ಹೇಗೆ ತೆಗೆದ, ಫೇಲಾದದ್ದನ್ನು ಎಲ್ಲಿಗೆ ಕಳಿಸಿದ ಅಂತ ದಾಖಲೆ ತೋರಿಸಲಾಗದವನಿಗೆ ಆ ರಕ್ಷಣೆ ಸಿಗಬಾರದು.